ಸಂಡೂರು: ಗುಡ್ಡದ ಗೋಡೆಯೊಳಗಿನ ಊರು

ಬಳ್ಳಾರಿ ಜಿಲ್ಲೆಯ ಸಂಡೂರನ್ನು ಅರ್ಥ ಮಾಡಿಕೊಳ್ಳಬೇಕಾದರೆ ಮೊದಲು ‘ಗಂಡಿ’ ಎಂಬ ಪದವನ್ನು ಅರ್ಥ ಮಾಡಿಕೊಳ್ಳಬೇಕು. ಬೇಲಿಯಲ್ಲಿ ದನ ನುಗ್ಗುವಷ್ಟು ಸಂದಿಯಾದರೆ ಅದನ್ನು ಗಂಡಿ ಎನ್ನುತ್ತೇವೆ. ಗೋಡೆ ಒಂದು ಕಡೆ ಕುಸಿದು ದಾರಿಯಾದರೆ ಅದೂ ಗಂಡಿ. ಸಂಡೂರಿನ ಸುತ್ತ ನಿಂತಿರುವ ಗುಡ್ಡಗಳ ಸಾಲಿನಲ್ಲಿ ಇಂತಹ ಎರಡು ದೊಡ್ಡ ಸಂದಿಗಳಿವೆ: ಪಶ್ಚಿಮಕ್ಕೆ ಓಬಳಗಂಡಿ, ಪೂರ್ವಕ್ಕೆ ಭೀಮಗಂಡಿ. ಗುಡ್ಡವನ್ನೇ ಗೋಡೆಯೆಂದೂ ಕಣಿವೆಯನ್ನೇ ಮನೆಯೆಂದೂ ಕಂಡ ಜನರು ಇಟ್ಟ ಹೆಸರುಗಳಿವು. ಹದಿನೆಂಟನೆಯ ಶತಮಾನದಲ್ಲಿ ಒಂದು ಪುಟ್ಟ ಸಂಸ್ಥಾನ ಇಲ್ಲಿ ಹುಟ್ಟಿದ್ದು, ಅದು ದೊಡ್ಡವರ ನಡುವೆ ಉಳಿದುಕೊಂಡದ್ದು, ಇಪ್ಪತ್ತೊಂದನೆಯ ಶತಮಾನದ ಆರಂಭದಲ್ಲಿ ಇದೇ ಊರಿನ ಹೆಸರು ಸುಪ್ರೀಂ ಕೋರ್ಟಿನ ಕಡತಗಳಲ್ಲಿ ಮತ್ತೆ ಮತ್ತೆ ಕಾಣಿಸಿಕೊಂಡದ್ದು, ಈ ಎಲ್ಲದರ ಹಿಂದೆಯೂ ಅದೇ ಗೋಡೆಯಿದೆ.

ಊರು ಬಳ್ಳಾರಿಯಿಂದ ಪಶ್ಚಿಮಕ್ಕೆ ಸುಮಾರು ಐವತ್ತು ಕಿಲೋಮೀಟರ್ ದೂರದಲ್ಲಿದೆ. ಹೊಸಪೇಟೆಯಿಂದ ದಕ್ಷಿಣಕ್ಕೆ ಅದರ ಅರ್ಧದಷ್ಟು ದೂರವಿರಬಹುದು. ಬಳ್ಳಾರಿಯ ಕಡೆಯಿಂದ ಬರುವವರಿಗೆ ಕಪ್ಪು ಎರೆಭೂಮಿ, ಅಲ್ಲಲ್ಲಿ ಬೋಳು ಬಂಡೆಯ ಗುಡ್ಡ, ಬಿಸಿಲು ಇಷ್ಟೇ ಕಾಣುತ್ತವೆ. ಅನಂತರ ದಾರಿಗೆ ಅಡ್ಡಲಾಗಿ ವಾಯವ್ಯದಿಂದ ಆಗ್ನೇಯಕ್ಕೆ ಹಬ್ಬಿದ ಬೆಟ್ಟಗಳ ಸಾಲು ಎದುರಾಗುತ್ತದೆ. ಈ ಸಾಲನ್ನು ದಾಟಿದರೆ ಕಣಿವೆ, ಕಣಿವೆಯ ಆಚೆ ಅದಕ್ಕೆ ಹೆಚ್ಚುಕಡಿಮೆ ಸಮಾನಾಂತರವಾಗಿ ಇನ್ನೊಂದು ಸಾಲು. ಬಯಲಿಗಿಂತ ಇಲ್ಲಿ ಮಳೆ ಹೆಚ್ಚು, ಕಾಡು ದಟ್ಟ. ಬಳ್ಳಾರಿಯ ಸೆಕೆಯನ್ನು ಬಲ್ಲವರು ಮಳೆಗಾಲ ಮುಗಿಯುವ ಹೊತ್ತಿಗೆ ಸಂಡೂರಿಗೆ ಬಂದು, ಇದೂ ಅದೇ ಜಿಲ್ಲೆಯೇ ಎಂದು ಬೆರಗಾಗುವುದು ಹೊಸದೇನಲ್ಲ. ಕಣಿವೆಯ ನೀರನ್ನೆಲ್ಲ ಒಟ್ಟುಗೂಡಿಸಿಕೊಳ್ಳುವ ನಾರಿಹಳ್ಳ ಎಂಬ ತೊರೆ ಓಬಳಗಂಡಿಯಲ್ಲಿ ಒಳಗೆ ಬಂದು, ಭೀಮಗಂಡಿಯಲ್ಲಿ ಹೊರಗೆ ಹೋಗಿ, ಮುಂದೆ ದರೋಜಿಯ ಕೆರೆಯನ್ನು ತುಂಬಿಸುತ್ತದೆ. ಅಂದರೆ ಎರಡೂ ಸಾಲುಗಳನ್ನು ಕೊರೆದು ಗಂಡಿಗಳನ್ನು ಮಾಡಿದ್ದು ಈ ಹಳ್ಳವೇ. ಬೇಸಿಗೆಯಲ್ಲಿ ಬತ್ತುವ ಒಂದು ಸಣ್ಣ ಹಳ್ಳ ಇಷ್ಟು ಗಟ್ಟಿಯಾದ ಕಲ್ಲನ್ನು ಕಡಿದಿದೆ ಎಂದರೆ ಅದಕ್ಕೆ ಹಿಡಿದ ಕಾಲವನ್ನು ಊಹಿಸಿಕೊಳ್ಳಬಹುದು.

ಈ ಗುಡ್ಡಗಳು ಗಟ್ಟಿಯಾಗಿರುವುದಕ್ಕೆ ಕಾರಣ ಅವುಗಳೊಳಗಿನ ಕಬ್ಬಿಣ. ಭೂವಿಜ್ಞಾನಿಗಳು ಸಂಡೂರು ಶಿಸ್ಟ್ ವಲಯ ಎಂದು ಕರೆಯುವ ಈ ಪ್ರದೇಶದ ಶಿಲೆಗಳಿಗೆ ಸುಮಾರು 270 ಕೋಟಿ ವರ್ಷ ವಯಸ್ಸು. ಪ್ರಾಚೀನ ಸಮುದ್ರದ ತಳದಲ್ಲಿ ಒಂದು ಪದರ ಕಬ್ಬಿಣದ ಆಕ್ಸೈಡು, ಒಂದು ಪದರ ಸಿಲಿಕ ಎಂಬಂತೆ ಕೂತ ಮಡ್ಡಿ ಕಾಲಾಂತರದಲ್ಲಿ ಕಲ್ಲಾಗಿ, ಭೂಮಿಯ ಒತ್ತಡಕ್ಕೆ ಸಿಕ್ಕಿ ದೋಣಿಯ ಆಕಾರದಲ್ಲಿ ಮಡಚಿಕೊಂಡಿತು. ದೋಣಿಯ ನಡುವಿನ ಮೆತ್ತನೆಯ ಶಿಲೆ ಮಳೆಗಾಳಿಗೆ ಕರಗಿ ಕಣಿವೆಯಾಯಿತು. ಅಂಚಿನ ಕಬ್ಬಿಣದ ಪಟ್ಟೆಗಳು ಸವೆಯದೆ ಗೋಡೆಯಾಗಿ ನಿಂತವು. ಆ ಪಟ್ಟೆಗಳ ಮೇಲ್ಭಾಗದಲ್ಲಿ ಮಳೆಯ ನೀರು ಇಂಗಿ ಇಂಗಿ ಸಿಲಿಕವನ್ನು ತೊಳೆದುಕೊಂಡು ಹೋದಲ್ಲೆಲ್ಲ ಉಳಿದದ್ದು ಶುದ್ಧ ಹೆಮಟೈಟ್, ಅಂದರೆ ಉತ್ತಮ ದರ್ಜೆಯ ಅದಿರು. ಜೊತೆಗೆ ಕೆಲವು ಕಡೆ ಮ್ಯಾಂಗನೀಸ್ ಕೂಡ ಇದೆ. ಆದುದರಿಂದ ಸಂಡೂರಿನಲ್ಲಿ ಅದಿರು ಗುಡ್ಡದ ಕೆಳಗೆ ಹುದುಗಿಲ್ಲ, ಗುಡ್ಡದ ನೆತ್ತಿಯೇ ಅದಿರು. ಬೇರೆ ಕಡೆ ಗಣಿ ಎಂದರೆ ನೆಲವನ್ನು ತೋಡುವುದಾದರೆ ಇಲ್ಲಿ ಗಣಿ ಎಂದರೆ ಗೋಡೆಯನ್ನು ಮೇಲಿನಿಂದ ಇಳಿಸುತ್ತ ಬರುವುದು. ಇದೊಂದನ್ನು ನೆನಪಿನಲ್ಲಿಟ್ಟುಕೊಂಡರೆ ಮುಂದಿನ ಜಗಳಗಳೆಲ್ಲ ಸುಲಭವಾಗಿ ತಿಳಿಯುತ್ತವೆ. ಅಂದಹಾಗೆ, ಇಲ್ಲಿನ ಒಂದು ಬೆಟ್ಟಕ್ಕೆ ದೋಣಿಮಲೆ ಎಂದು ಹೆಸರಿಟ್ಟವರಿಗೆ ಶಿಲಾಪದರಗಳ ಮಡಿಕೆಯ ಲೆಕ್ಕ ಗೊತ್ತಿರಲಿಕ್ಕಿಲ್ಲ. ಆದರೂ ಕಣ್ಣಿಗೆ ಕಂಡ ಆಕಾರಕ್ಕೆ ಅವರು ಸರಿಯಾದ ಪದವನ್ನೇ ಹುಡುಕಿದ್ದರು.

ಊರಿನ ಹೆಸರು ಹಳೆಯ ಬರಹಗಳಲ್ಲಿ ಸೊಂಡೂರು ಎಂದೂ ಕಾಣಿಸುತ್ತದೆ. ಸ್ಥಳಪುರಾಣದ ಪ್ರಕಾರ ಇದು ಸ್ಕಂದನ ಊರು: ತಾರಕಾಸುರನನ್ನು ಕೊಂದ ಕುಮಾರಸ್ವಾಮಿ ಇಲ್ಲಿ ನೆಲೆಸಿದ, ಪಕ್ಕದ ತಾರಾನಗರ ಆ ಅಸುರನ ಹೆಸರನ್ನು ಹೊತ್ತಿದೆ ಎಂದು ಜನ ಹೇಳುತ್ತಾರೆ. ಪುರಾಣವನ್ನು ಬದಿಗಿಟ್ಟರೂ ಸ್ವಾಮಿಮಲೆಯ ಕಾಡಿನ ನಡುವೆ ಇರುವ ಕುಮಾರಸ್ವಾಮಿ ಮತ್ತು ಪಾರ್ವತಿ ದೇವಾಲಯಗಳ ಪ್ರಾಚೀನತೆ ಗಟ್ಟಿಯಾದದ್ದು. ಪಾರ್ವತಿ ದೇವಾಲಯ ಬಾದಾಮಿ ಚಾಲುಕ್ಯರ ಶೈಲಿಗೆ ಸೇರಿದ್ದು. ಕುಮಾರಸ್ವಾಮಿಯ ಗುಡಿಯಲ್ಲಿ ರಾಷ್ಟ್ರಕೂಟರ ಕಾಲದ ಶಾಸನವಿದೆ. ಮೂರು ವರ್ಷಕ್ಕೊಮ್ಮೆ ನಡೆಯುತ್ತಿದ್ದ ಇಲ್ಲಿನ ದೊಡ್ಡ ಜಾತ್ರೆಗೆ ದೂರದ ಮರಾಠಿ ನಾಡಿನಿಂದಲೂ ಯಾತ್ರಿಕರು ಬರುತ್ತಿದ್ದರು. ಈ ಯಾತ್ರೆಯೇ ಒಮ್ಮೆ ಸಂಸ್ಥಾನವನ್ನು ಬಹುತೇಕ ನುಂಗಿಬಿಟ್ಟಿತ್ತು. ಆ ಕತೆಗೆ ಸ್ವಲ್ಪ ಹೊತ್ತಿನಲ್ಲಿ ಬರೋಣ. ವಿಜಯನಗರದ ರಾಜಧಾನಿ ಕೂಗಳತೆಯ ದೂರದಲ್ಲಿದ್ದರೂ ಆ ಸಾಮ್ರಾಜ್ಯ ಅಳಿದ ಮೇಲೆ ಕಣಿವೆ ಬೇಡರ ಪಾಳೆಯಗಾರರ ಕೈಯಲ್ಲಿತ್ತು.

ಅವರಿಂದ ಇದನ್ನು 1728ರಲ್ಲಿ ಕಿತ್ತುಕೊಂಡವನು ಸಿದ್ದೋಜಿರಾವ್ ಘೋರ್ಪಡೆ. ಘೋರ್ಪಡೆಗಳು ಮೂಲತಃ ಬಿಜಾಪುರದ ಸೇವೆಯಲ್ಲಿದ್ದು ಅನಂತರ ಮರಾಠರ ಪರ ಕಾದಾಡಿದ ಸರದಾರ ಮನೆತನದವರು. ಮರಾಠಿಯಲ್ಲಿ ಘೋರ್ಪಡ ಎಂದರೆ ಉಡ. ಉಡದ ಸೊಂಟಕ್ಕೆ ಹಗ್ಗ ಕಟ್ಟಿ ಕೋಟೆಯ ಗೋಡೆ ಹತ್ತಿದ ಪೂರ್ವಜನಿಂದ ಮನೆತನಕ್ಕೆ ಆ ಹೆಸರು ಬಂತೆಂಬುದು ಐತಿಹ್ಯ. ಗೋಡೆಗಳನ್ನು ಹತ್ತುವವರ ವಂಶ ಕೊನೆಗೆ ಗೋಡೆಯೊಳಗೆ ನೆಲೆ ಕಂಡುಕೊಂಡದ್ದು ತಮಾಷೆಯೇ ಸರಿ. ಸಿದ್ದೋಜಿಯ ಹಿರಿಯ ಮಗ ಮುರಾರಿರಾವ್ ಘೋರ್ಪಡೆ ತಂದೆಗಿಂತ ದೊಡ್ಡ ಹೆಸರು ಮಾಡಿದವನು. ಗುತ್ತಿಯ ಕೋಟೆಯನ್ನು ಕೇಂದ್ರವಾಗಿಟ್ಟುಕೊಂಡು ಇಂಗ್ಲಿಷರಿಗೂ ಫ್ರೆಂಚರಿಗೂ ನಡೆದ ಕರ್ನಾಟಿಕ್ ಯುದ್ಧಗಳ ಕಾಲದಲ್ಲಿ ದಕ್ಷಿಣದ ರಾಜಕೀಯದಲ್ಲಿ ಅವನು ಆಡಿದ ಆಟ ಇಂಗ್ಲಿಷರ, ಫ್ರೆಂಚರ ದಾಖಲೆಗಳಲ್ಲೆಲ್ಲ ಹರಡಿಕೊಂಡಿದೆ. ಆದರೆ 1776ರ ಹೊತ್ತಿಗೆ ಹೈದರಾಲಿ ಗುತ್ತಿಯನ್ನು ಹಿಡಿದ. ಸಂಡೂರೂ ಅದರೊಂದಿಗೆ ಹೋಯಿತು. ಮುರಾರಿರಾವ್ ಕಬ್ಬಾಳದುರ್ಗದಲ್ಲಿ ಸೆರೆಯಾಳಾಗಿ ಸತ್ತ. ಸಂಡೂರಿನ ಪಕ್ಕದ ಕೃಷ್ಣಾನಗರದ ಕೋಟೆಯನ್ನು ಹೈದರ್ ಆರಂಭಿಸಿದ, ಟಿಪ್ಪು ಮುಗಿಸಿದ.

ಮುರಾರಿರಾವ್ ದತ್ತು ತೆಗೆದುಕೊಂಡಿದ್ದ ಶಿವರಾವ್ ಟಿಪ್ಪುವಿನ ಪಡೆಯನ್ನು ಕಣಿವೆಯಿಂದ ಹೊರಹಾಕಲು ಹೋಗಿ 1785ರಲ್ಲಿ ಮಡಿದ. ಅವನ ಎಳೆಯ ಮಗನ ಪರವಾಗಿ ಚಿಕ್ಕಪ್ಪ ವೆಂಕಟರಾವ್ 1790ರಲ್ಲಿ ದಾಳಿ ಮಾಡಿ ಊರನ್ನು ಮರಳಿ ಗೆದ್ದ. 1792ರಲ್ಲಿ ಟಿಪ್ಪುವಿಗೂ ಇಂಗ್ಲಿಷರು ಮತ್ತು ಅವರ ಮಿತ್ರರಿಗೂ ಒಪ್ಪಂದವಾದ ಮೇಲೂ ಸಂಡೂರು ಘೋರ್ಪಡೆಗಳ ಬಳಿಯೇ ಉಳಿಯಿತಾದರೂ, ಟಿಪ್ಪು ಬದುಕಿರುವ ತನಕ ಅವರಲ್ಲಿ ಯಾರೂ ಅಲ್ಲಿ ಬಂದು ವಾಸ ಮಾಡಲು ಧೈರ್ಯ ಮಾಡಲಿಲ್ಲ.

ಸುತ್ತಲಿನ ನಾಡಿನ ಕತೆ ಬೇರೆಯೇ ಆಗಿತ್ತು. ಮೈಸೂರಿನೊಂದಿಗೆ ನಡೆದ ಯುದ್ಧಗಳಲ್ಲಿ ತನ್ನ ಪಾಲಿಗೆ ಬಂದ ಬಳ್ಳಾರಿ, ಅನಂತಪುರ, ಕಡಪಾ ಸೀಮೆಗಳನ್ನು ಹೈದರಾಬಾದಿನ ನಿಜಾಮ 1800ರಲ್ಲಿ ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ. ತನ್ನ ಹೊರೆಯನ್ನು ತಾನೇ ಹೊರಲಾರದೆ ಕಂಪನಿಯ ಸೈನ್ಯವನ್ನು ಇಟ್ಟುಕೊಂಡ ಖರ್ಚಿಗೆ ಪ್ರತಿಯಾಗಿ ಕೊಟ್ಟ ಈ ಜಿಲ್ಲೆಗಳಿಗೆ ದತ್ತಮಂಡಲ ಎಂದು ಹೆಸರಾಯಿತು. ಅದರ ಮೊದಲ ಪ್ರಧಾನ ಕಲೆಕ್ಟರ್ ಆಗಿ ಬಂದವನು ಥಾಮಸ್ ಮನ್ರೊ. ಹೀಗೆ ಬಳ್ಳಾರಿ ಮದ್ರಾಸಿನ ಜಿಲ್ಲೆಯಾಯಿತು. ಅದರ ನಡುವೆ, ನಾಲ್ಕೂ ಕಡೆ ಕಂಪನಿಯ ನೆಲದಿಂದ ಸುತ್ತುವರಿದ ಸಂಡೂರು ಮಾತ್ರ ಪ್ರತ್ಯೇಕವಾಗಿ ಉಳಿಯಿತು.

ಈಗ ಯಾತ್ರೆಯ ಕತೆ. ಸಂಡೂರು ತನ್ನ ಅಧೀನ ಜಹಗೀರೆಂದೂ ಅದನ್ನು ಬೇರೆಯವರಿಗೆ ಕೊಡುವ ಹಕ್ಕು ತನಗಿದೆಯೆಂದೂ ಪುಣೆಯ ಪೇಶ್ವೆ ಎರಡನೆಯ ಬಾಜೀರಾಯ ಭಾವಿಸಿದ್ದ. 1815ರಲ್ಲಿ ಅವನು ಕುಮಾರಸ್ವಾಮಿಯ ದರ್ಶನಕ್ಕೆಂದು ಹೇಳಿಕೊಂಡು ಸೈನ್ಯದೊಂದಿಗೆ ಬಂದ. ಭಕ್ತನಾಗಿ ಬಂದವನನ್ನು ತಡೆಯುವಂತಿಲ್ಲ, ಸೈನ್ಯವನ್ನು ಒಳಗೆ ಬಿಡುವಂತೆಯೂ ಇಲ್ಲ. ಆಗ ಆಳುತ್ತಿದ್ದ ಇನ್ನೊಬ್ಬ ಶಿವರಾವ್ ಗುಡ್ಡದ ದಾರಿಗಳನ್ನು ಮುಚ್ಚಿಸಿ ಆ ಹಂಚಿಕೆಯನ್ನು ಕೆಡಿಸಿದ. ಬಲದಿಂದ ಆಗದ್ದನ್ನು ಬಾಜೀರಾಯ ಕಾಗದದಿಂದ ಮಾಡಿಸಿದ: ಕಂಪನಿಯೊಂದಿಗೆ ತನಗಿದ್ದ ಒಪ್ಪಂದವನ್ನು ಮುಂದಿಟ್ಟು ಸಂಡೂರನ್ನು ತನಗೆ ಗೆದ್ದುಕೊಡಿ ಎಂದು ಇಂಗ್ಲಿಷರನ್ನೇ ಕೇಳಿದ. 1817ರಲ್ಲಿ ಮನ್ರೊ ಪಡೆಯೊಂದಿಗೆ ಬಂದು ನಿಂತಾಗ ಶಿವರಾವ್ ಹೋರಾಡದೆ ಕೋಟೆಯನ್ನು ಒಪ್ಪಿಸಿದ. ಅಷ್ಟರಲ್ಲಿ ಪೇಶ್ವೆಗೂ ಕಂಪನಿಗೂ ಯುದ್ಧ ಹತ್ತಿಕೊಂಡು, ಪೇಶ್ವೆಯ ಆಳ್ವಿಕೆಯೇ ಕೊನೆಗೊಂಡು, 1818ರಲ್ಲಿ ಸಂಡೂರು ಮರಳಿ ಶಿವರಾವನ ಕೈಸೇರಿತು. 1826ರಲ್ಲಿ ಮದ್ರಾಸ್ ಸರಕಾರ ಅವನಿಗೂ ಅವನ ವಾರಸುದಾರರಿಗೂ ಸನದು ಕೊಟ್ಟಿತು. ಆ ಹೊತ್ತಿಗೆ ಮದ್ರಾಸಿನ ಗವರ್ನರನಾಗಿದ್ದವನು ಅದೇ ಮನ್ರೊ. ಒಮ್ಮೆ ಊರನ್ನು ವಶಪಡಿಸಿಕೊಂಡ ಕೈಯೇ ಒಂಬತ್ತು ವರ್ಷದ ಮೇಲೆ ಅದರ ಹಕ್ಕುಪತ್ರಕ್ಕೆ ಒಪ್ಪಿಗೆ ಕೊಟ್ಟಿತ್ತು.

ಗೋಡೆ ಊರನ್ನು ಕಾಪಾಡಿತು ಎಂದು ಇಲ್ಲಿ ಹೇಳುವುದು ಅರ್ಧ ಸತ್ಯವಷ್ಟೇ. ಗಂಡಿಗಳನ್ನು ಮುಚ್ಚಿ ಪೇಶ್ವೆಯ ಸೈನ್ಯವನ್ನು ತಡೆಯಬಹುದಿತ್ತು. ಕಂಪನಿಯ ಫಿರಂಗಿಗಳನ್ನು ತಡೆಯುವುದು ಆಗದೆಂದು ಶಿವರಾವನಿಗೇ ಗೊತ್ತಿತ್ತು. ಸಂಸ್ಥಾನ ಉಳಿದದ್ದು ದೊಡ್ಡವರಿಬ್ಬರ ಜಗಳದಲ್ಲಿ ಗೆದ್ದವನಿಗೆ ಈ ಸಣ್ಣ ಕಣಿವೆ ಬೇಕಾಗಿರಲಿಲ್ಲ ಎಂಬ ಕಾರಣಕ್ಕೆ. ಅದಿರಿನ ಬೆಲೆ ಆಗ ಯಾರಿಗೂ ಗೊತ್ತಿರಲಿಲ್ಲ. ಗೊತ್ತಿದ್ದರೆ ಸನದಿನ ಶರತ್ತುಗಳು ಹೀಗೇ ಇರುತ್ತಿದ್ದವೇ ಎಂಬುದು ಅನುಮಾನ.

ಇಂಗ್ಲಿಷರ ಕಾಲದ ಸಂಡೂರು ಸಂಸ್ಥಾನದ ವಿಸ್ತಾರ 161 ಚದರ ಮೈಲಿ. 1901ರ ಜನಗಣತಿಯಲ್ಲಿ ಜನಸಂಖ್ಯೆ 11,200. ಬಳ್ಳಾರಿಯ ಕಲೆಕ್ಟರನೇ ಸಂಸ್ಥಾನದ ಪೊಲಿಟಿಕಲ್ ಏಜೆಂಟ್. ಅಂದರೆ ಗೋಡೆಯ ಹೊರಗಿನ ಜಿಲ್ಲೆಯನ್ನು ಆಳುವವನೇ ಗೋಡೆಯೊಳಗಿನ ಅರಸನ ಮೇಲೆ ಒಂದು ಕಣ್ಣಿಟ್ಟಿರುತ್ತಿದ್ದ. 1923ರಲ್ಲಿ ಮದ್ರಾಸಿಗೆ ಸೇರಿದ ಐದು ಸಂಸ್ಥಾನಗಳನ್ನು, ಅಂದರೆ ತಿರುವಾಂಕೂರು, ಕೊಚ್ಚಿ, ಪುದುಕ್ಕೋಟೈ, ಬನಗಾನಪಲ್ಲಿ ಮತ್ತು ಸಂಡೂರನ್ನು, ಒಟ್ಟುಗೂಡಿಸಿ ತಿರುವನಂತಪುರದಲ್ಲಿ ಕೂತ ಒಬ್ಬ ಏಜೆಂಟನ ಕೆಳಗೆ ತಂದರು. ಲಕ್ಷಗಟ್ಟಲೆ ಪ್ರಜೆಗಳಿದ್ದ ತಿರುವಾಂಕೂರಿನ ಸಾಲಿನಲ್ಲಿ ಹನ್ನೊಂದು ಸಾವಿರ ಜನರ ಸಂಡೂರು ಕೂತದ್ದು ಆ ಆಡಳಿತದ ವಿಚಿತ್ರಗಳಲ್ಲೊಂದು.

ಈ ನಡುವೆ ಕಣಿವೆಯ ಅಂಚಿನ ಗುಡ್ಡಗಳಲ್ಲಿ ಸುಮಾರು 3,200 ಅಡಿ ಎತ್ತರದ ರಾಮನದುರ್ಗವನ್ನು ಮದ್ರಾಸ್ ಸರಕಾರ ಸಂಸ್ಥಾನದಿಂದ ಪಡೆದುಕೊಂಡು, ಬಳ್ಳಾರಿಯ ದಂಡಿನ ಗೋರ ಸಿಪಾಯಿಗಳು ಬೇಸಿಗೆಯಲ್ಲಿ ತಂಪು ಕಂಡುಕೊಳ್ಳುವ ಆರೋಗ್ಯಧಾಮವನ್ನಾಗಿ ಮಾಡಿತ್ತು. ಅಲ್ಲಿನ ಬಂಗಲೆಗಳು ಈಗ ಪಾಳುಬಿದ್ದಿವೆ. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಬಳ್ಳಾರಿ ಜಿಲ್ಲೆಯನ್ನು ಸುತ್ತಿ ಬರೆದ ವರದಿಯಿಂದ ಇಲ್ಲಿನ ಅದಿರಿನ ಪ್ರಮಾಣ ಹೊರಗಿನವರ ಗಮನಕ್ಕೆ ಬಂತು. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಬೆಲ್ಜಿಯಂ ಮೂಲದ ಕಂಪನಿಯೊಂದು ಮ್ಯಾಂಗನೀಸ್ ಗಣಿಗಾರಿಕೆ ನಡೆಸಿತು. ಹೊಸಪೇಟೆಯಿಂದ ಸ್ವಾಮಿಹಳ್ಳಿಗೆ ರೈಲು ಮಾರ್ಗ ಬಂತು. ಸೈನ್ಯಕ್ಕಾಗಿ ಮುಚ್ಚುತ್ತಿದ್ದ ಗುಡ್ಡದ ಸಾಲು ಅದಿರಿಗಾಗಿ ತೆರೆದುಕೊಂಡಿತು.

ಕೊನೆಯ ಅರಸ ಯಶವಂತರಾವ್ ಹಿಂದೂರಾವ್ ಘೋರ್ಪಡೆಯವರ ಕಾಲದ ಒಂದು ನಿರ್ಧಾರವನ್ನು ಇಲ್ಲಿ ಹೇಳಲೇಬೇಕು. 1932ರಲ್ಲಿ ಅವರು ಕುಮಾರಸ್ವಾಮಿಯ ದೇವಾಲಯವನ್ನು ದಲಿತರಿಗೆ ತೆರೆದರು. ದೇವಾಲಯ ಪ್ರವೇಶದ ಇತಿಹಾಸದಲ್ಲಿ ಎಲ್ಲರೂ ಉಲ್ಲೇಖಿಸುವ ತಿರುವಾಂಕೂರಿನ ಘೋಷಣೆ ಹೊರಬಿದ್ದದ್ದು ನಾಲ್ಕು ವರ್ಷದ ನಂತರ, 1936ರಲ್ಲಿ. 1934ರ ತಮ್ಮ ಹರಿಜನ ಪ್ರವಾಸದಲ್ಲಿ ಗಾಂಧೀಜಿ ಸಂಡೂರಿಗೆ ಬಂದಿದ್ದರು. ಊರಿನ ಚೆಲುವನ್ನು ಮೆಚ್ಚಿ ಅವರು ಆಡಿದರೆನ್ನಲಾದ ಮಾತು ಪ್ರವಾಸೋದ್ಯಮದ ಫಲಕಗಳಲ್ಲಿ ಇಂದಿಗೂ ಓಡಾಡುತ್ತಿದೆ. ದೇವಾಲಯದ ಬಾಗಿಲು ತೆರೆದ ವಿಷಯ ಅಷ್ಟಾಗಿ ಓಡಾಡುವುದಿಲ್ಲ.

ಸ್ವಾತಂತ್ರ್ಯ ಬಂದಾಗ ಸಂಡೂರಿನ ಮುಂದೆ ಇದ್ದ ದಾರಿ ಒಂದೇ. ಸುತ್ತಲೂ ಮದ್ರಾಸ್ ಪ್ರಾಂತ್ಯ. ಬನಗಾನಪಲ್ಲಿ, ಪುದುಕ್ಕೋಟೈಗಳು 1948ರಲ್ಲೇ ಆ ಪ್ರಾಂತ್ಯಕ್ಕೆ ಸೇರಿಹೋಗಿದ್ದವು. 1949ರ ಏಪ್ರಿಲ್ 1ರಂದು ಸಂಡೂರೂ ವಿಲೀನವಾಗಿ ಬಳ್ಳಾರಿ ಜಿಲ್ಲೆಯ ಭಾಗವಾಯಿತು. ಆದರೆ ಮದ್ರಾಸಿನೊಂದಿಗೆ ಅದು ಬಾಳಿದ್ದು ನಾಲ್ಕೂವರೆ ವರ್ಷ ಮಾತ್ರ. ಆಂಧ್ರ ರಾಜ್ಯ ರಚನೆಯಾದ 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆ ಇಬ್ಭಾಗವಾಯಿತು: ಆದವಾನಿ, ಆಲೂರು, ರಾಯದುರ್ಗ ತಾಲೂಕುಗಳು ಆಂಧ್ರಕ್ಕೆ ಹೋದವು, ಸಂಡೂರು ಸೇರಿ ಉಳಿದವು ಮೈಸೂರು ರಾಜ್ಯಕ್ಕೆ ಬಂದವು. ಆಗ ಜನರ ಗಮನವೆಲ್ಲ ಬಳ್ಳಾರಿ ಪಟ್ಟಣ ಯಾರಿಗೆ ಎಂಬ ಪ್ರಶ್ನೆಯ ಮೇಲಿತ್ತು, ನ್ಯಾಯಮೂರ್ತಿ ಎಲ್. ಎಸ್. ಮಿಶ್ರಾ ಅವರ ವಿಚಾರಣೆ ನಡೆದದ್ದೂ ಅದಕ್ಕಾಗಿಯೇ. ಬಳ್ಳಾರಿಗೂ ರಾಯದುರ್ಗಕ್ಕೂ ನಡುವೆ ಕಾಡುಗುಡ್ಡಗಳ ಮೇಲೆ ಹಾದುಹೋಗುವ ಗೆರೆ ಯಾವ ಬಂಡೆಯ ಈಚೆಗೆ, ಯಾವ ಬಂಡೆಯ ಆಚೆಗೆ ಎಂದು ಆಗ ಯಾರೂ ತಲೆ ಕೆಡಿಸಿಕೊಂಡಿರಲಿಕ್ಕಿಲ್ಲ. ಐವತ್ತು ವರ್ಷದ ನಂತರ, ಸಂಡೂರಿನ ಅದಿರು ವಲಯದ ಆಗ್ನೇಯ ತುದಿಯಾದ ಓಬಳಾಪುರದ ಕಡೆ ಅದೇ ಗೆರೆ ಕೋಟಿಗಟ್ಟಲೆ ರೂಪಾಯಿಯ ವ್ಯಾಜ್ಯವಾಯಿತು, ಭಾರತೀಯ ಸರ್ವೇಕ್ಷಣಾ ಇಲಾಖೆ ಎರಡು ರಾಜ್ಯಗಳ ಗಡಿಯನ್ನು ಮತ್ತೆ ಅಳೆಯಬೇಕಾಯಿತು.

ಸಂಡೂರು ತಾಲೂಕು ಮತ್ತು ಸಂಡೂರು ಸಂಸ್ಥಾನ ಒಂದೇ ಅಲ್ಲ ಎಂಬುದು ಹಲವರಿಗೆ ತಿಳಿಯದ ಸಂಗತಿ. ಸಂಸ್ಥಾನ ಬಹುಮಟ್ಟಿಗೆ ಗೋಡೆಯೊಳಗೆ ಇತ್ತು. ತಾಲೂಕು ಗೋಡೆಯ ಹೊರಗೂ ಚಾಚಿಕೊಂಡಿದೆ. ಪೂರ್ವದ ಬಯಲಿನ ತೋರಣಗಲ್ಲು, ಕುರೆಕುಪ್ಪ, ದರೋಜಿ ಎಲ್ಲ ಇಂದು ಸಂಡೂರು ತಾಲೂಕಿಗೇ ಸೇರಿವೆ. ತೋರಣಗಲ್ಲಿನಲ್ಲಿ ಸರಕಾರಿ ಉಕ್ಕಿನ ಕಾರ್ಖಾನೆಗೆಂದು ಪ್ರಧಾನಿ ಇಂದಿರಾ ಗಾಂಧಿ 1971ರಲ್ಲಿ ಶಂಕುಸ್ಥಾಪನೆ ಮಾಡಿದ್ದರು. ಅದು ಕಲ್ಲಾಗಿಯೇ ಉಳಿದು, 1990ರ ದಶಕದಲ್ಲಿ ಅಲ್ಲಿ ಜಿಂದಾಲ್ ಸಮೂಹದ ಉಕ್ಕಿನ ಕಾರ್ಖಾನೆ ಎದ್ದಿತು. ಇಂದು ಅದು ದೇಶದ ಅತಿ ದೊಡ್ಡ ಉಕ್ಕಿನ ಸ್ಥಾವರಗಳಲ್ಲೊಂದು. ಆದುದರಿಂದ ತಾಲೂಕಿನ ಕಚೇರಿ ಗುಡ್ಡದೊಳಗಿನ ಹಳೆಯ ರಾಜಧಾನಿಯಲ್ಲಿದೆ, ತಾಲೂಕಿನ ದೊಡ್ಡ ಉದ್ಯಮ, ವಿಮಾನ ನಿಲ್ದಾಣ, ಹೊರರಾಜ್ಯದ ಕಾರ್ಮಿಕರ ವಸತಿ ಎಲ್ಲ ಗುಡ್ಡದ ಹೊರಗಿವೆ. ಕುರೆಕುಪ್ಪಕ್ಕೆ ಈಗ ತನ್ನದೇ ಪುರಸಭೆ ಇದೆ. ಸಂಡೂರು ಪಟ್ಟಣಕ್ಕೂ ಪುರಸಭೆಯಿದೆ. ದೋಣಿಮಲೆಯಂತಹ ಗಣಿ ವಸಾಹತುಗಳಲ್ಲಿ ನೀರು, ದೀಪ, ರಸ್ತೆ ಬಹುಕಾಲದಿಂದ ಕಂಪನಿಯ ಜವಾಬ್ದಾರಿ.

ಆಡಳಿತದ ಇನ್ನಷ್ಟು ಗೆರೆಗಳು ಈ ಊರಿನ ಮೇಲೆ ಹಾದುಹೋಗಿವೆ. ಸಂಡೂರು ವಿಧಾನಸಭಾ ಕ್ಷೇತ್ರವೂ ಬಳ್ಳಾರಿ ಲೋಕಸಭಾ ಕ್ಷೇತ್ರವೂ ಪರಿಶಿಷ್ಟ ಪಂಗಡಕ್ಕೆ ಮೀಸಲು. 2021ರಲ್ಲಿ ಹೊಸಪೇಟೆಯನ್ನು ಕೇಂದ್ರವಾಗಿಸಿ ವಿಜಯನಗರ ಜಿಲ್ಲೆಯನ್ನು ಮಾಡಿದಾಗ ಪಶ್ಚಿಮದ ಆರು ತಾಲೂಕುಗಳು ಅತ್ತ ಹೋದವು. ಹೊಸಪೇಟೆಗೆ ಅಷ್ಟು ಹತ್ತಿರವಿದ್ದೂ ಸಂಡೂರು ಬಳ್ಳಾರಿ, ಕುರುಗೋಡು, ಸಿರುಗುಪ್ಪ, ಕಂಪ್ಲಿಗಳ ಜೊತೆಗೆ ಹಳೆಯ ಜಿಲ್ಲೆಯಲ್ಲೇ ಉಳಿಯಿತು. ಗಣಿಗಳಿರುವ ತಾಲೂಕನ್ನು ಬಿಟ್ಟುಕೊಟ್ಟಿದ್ದರೆ ಬಳ್ಳಾರಿಯ ಕೈಯಲ್ಲಿ ಏನು ಉಳಿಯುತ್ತಿತ್ತು ಎಂದು ಕೇಳಿದರೆ ಕಾರಣವನ್ನು ಬೇರೆ ಕಡೆ ಹುಡುಕಬೇಕಾಗಿಲ್ಲ ಎಂದು ನನಗನ್ನಿಸುತ್ತದೆ. ಇನ್ನು ಹಿಂದುಳಿದ ಪ್ರದೇಶದವರಿಗೆ ಶಿಕ್ಷಣ, ಉದ್ಯೋಗದಲ್ಲಿ ಮೀಸಲಾತಿ ಕೊಡುವ ಸಂವಿಧಾನದ 371ಜೆ ವಿಧಿಯ ಪ್ರಕಾರ ಬಳ್ಳಾರಿಯೂ ಅಂದಿನ ಹೈದರಾಬಾದ್ ಕರ್ನಾಟಕದ, 2019ರಿಂದೀಚೆಗೆ ಕಲ್ಯಾಣ ಕರ್ನಾಟಕದ ಭಾಗ. 1948ರಲ್ಲಿ ನಿಜಾಮನ ಆಳ್ವಿಕೆ ಕೊನೆಗೊಂಡಾಗ ಬಳ್ಳಾರಿ ಅದರಲ್ಲಿ ಇರಲಿಲ್ಲ, 1800ರಲ್ಲೇ ಹೊರಬಂದಿತ್ತು. ಸಂಡೂರಂತೂ ಆಗಲೂ ಘೋರ್ಪಡೆಗಳದ್ದಾಗಿತ್ತು. ಆದರೂ ಹಿಂದುಳಿದಿರುವಿಕೆಯ ಆಧಾರದ ಮೇಲೆ ಕೊಡುವ ಮೀಸಲಾತಿಗೆ ಇತಿಹಾಸದ ಗಡಿಯೇ ಅಳತೆಗೋಲಾಗಬೇಕೆಂದಿಲ್ಲ. ಫಲವೇನೆಂದರೆ, ಸಂಡೂರಿನ ವಿದ್ಯಾರ್ಥಿ ವೈದ್ಯಕೀಯ ಸೀಟಿಗೆ ಸ್ಥಳೀಯ ವೃಂದದ ಪ್ರಮಾಣಪತ್ರ ಪಡೆಯುತ್ತಾನೆ, ಅವನ ಮನೆಗೆ ವಿದ್ಯುತ್ ಕೊಡುವ ಕಂಪನಿಯೂ ಅವನು ಹತ್ತುವ ಬಸ್ಸಿನ ನಿಗಮವೂ ಕಲಬುರಗಿಯಲ್ಲಿ ಕೇಂದ್ರ ಕಚೇರಿ ಇಟ್ಟುಕೊಂಡಿವೆ, ಪ್ರಾದೇಶಿಕ ಆಯುಕ್ತರೂ ಅಲ್ಲೇ ಕೂರುತ್ತಾರೆ. ಆದರೆ ಹೈಕೋರ್ಟಿನಲ್ಲಿ ವ್ಯಾಜ್ಯವಿದ್ದರೆ ಧಾರವಾಡದ ಪೀಠಕ್ಕೆ ಹೋಗಬೇಕು, ರೈಲಿನ ವಿಭಾಗ ಹುಬ್ಬಳ್ಳಿಯದು.

ಗೋಡೆಯನ್ನೇ ಇಳಿಸುವ ಕೆಲಸ ದೊಡ್ಡ ಪ್ರಮಾಣದಲ್ಲಿ ಶುರುವಾದದ್ದು ವಿಲೀನದ ನಂತರ. ರಾಜಮನೆತನದವರು ಕಟ್ಟಿದ ಸಂಡೂರು ಮ್ಯಾಂಗನೀಸ್ ಮತ್ತು ಕಬ್ಬಿಣದ ಅದಿರು ಕಂಪನಿ 1954ರಲ್ಲಿ ಹುಟ್ಟಿತು. ಕೇಂದ್ರ ಸರಕಾರದ ಗಣಿ ಕಂಪನಿ ಎನ್‌ಎಂಡಿಸಿ 1977ರಲ್ಲಿ ದೋಣಿಮಲೆಯ ಗಣಿಯನ್ನು ಆರಂಭಿಸಿತು. ಅರಸೊತ್ತಿಗೆ ಹೋದರೂ ಅರಮನೆಯ ಪ್ರಭಾವ ಹೋಗಲಿಲ್ಲ. ಕೊನೆಯ ಅರಸರ ಮಗ ಎಂ. ವೈ. ಘೋರ್ಪಡೆ ಹಲವು ಸಲ ಶಾಸಕರಾಗಿ, 1970ರ ದಶಕದಲ್ಲಿ ದೇವರಾಜ ಅರಸರ ಸಂಪುಟದಲ್ಲಿ ಹಣಕಾಸು ಸಚಿವರಾಗಿದ್ದರು. ವನ್ಯಜೀವಿ ಛಾಯಾಗ್ರಾಹಕರಾಗಿಯೂ ಹೆಸರಾಗಿದ್ದರು. ಇದೇ ಊರಿನಲ್ಲಿ 1973ರಲ್ಲಿ ಸಮಾಜವಾದಿಗಳ ಮುಂದಾಳತ್ವದಲ್ಲಿ ಇನಾಮು ಭೂಮಿಯ ಗೇಣಿದಾರರು ಉಳುವ ಹಕ್ಕಿಗಾಗಿ ಸತ್ಯಾಗ್ರಹ ಹೂಡಿ ದೊಡ್ಡ ಸಂಖ್ಯೆಯಲ್ಲಿ ಜೈಲಿಗೆ ಹೋದರು. ತಾಂಡಾಗಳ ಲಂಬಾಣಿ ಹೆಂಗಸರ ಕಸೂತಿಯನ್ನು ಜೀವನೋಪಾಯವಾಗಿಸಿದ ಸಂಡೂರು ಕುಶಲ ಕಲಾ ಕೇಂದ್ರದ ಕೆಲಸದಿಂದ ‘ಸಂಡೂರು ಲಂಬಾಣಿ ಕಸೂತಿ’ಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿದೆ. ಕಣಿವೆಯಲ್ಲಿ ಅದಿರೊಂದೇ ಇಲ್ಲ ಎಂಬುದನ್ನು ಹೇಳಲು ಇಷ್ಟು ಸಾಕು.

2000ದ ನಂತರ ಚೀನಾ ಉಕ್ಕಿಗೆ ಬೇಡಿಕೆ ಇಟ್ಟಿತು, ಅದಿರಿನ ಬೆಲೆ ಕೆಲವೇ ವರ್ಷಗಳಲ್ಲಿ ಹಲವು ಪಟ್ಟು ಏರಿತು. ಹೊಲದ ಮಾಲೀಕರೂ ಮೇಲುಮಣ್ಣನ್ನು ಕೆರೆದು ಮಾರಿದರು. ಲಾರಿಗಳ ಸಾಲು ಸಂಡೂರಿನಿಂದ ಹೊಸಪೇಟೆಯ ತನಕ ನಿಲ್ಲತೊಡಗಿತು. ಬೆಳೆಯ ಮೇಲೆ, ಮನೆಯ ಹಂಚಿನ ಮೇಲೆ, ಗುಡಿಯ ಗೋಪುರದ ಮೇಲೆ ಕೆಂಧೂಳು ಕೂತಿತು. ಲೋಕಾಯುಕ್ತರಾಗಿದ್ದ ನ್ಯಾಯಮೂರ್ತಿ ಎನ್. ಸಂತೋಷ್ ಹೆಗ್ಡೆ ಅವರು ಅಕ್ರಮ ಗಣಿಗಾರಿಕೆಯ ಬಗ್ಗೆ 2008ರಲ್ಲಿ ಒಂದು, 2011ರ ಜುಲೈನಲ್ಲಿ ಇನ್ನೊಂದು ವರದಿ ಕೊಟ್ಟರು. ಎರಡನೆಯದು ಒಬ್ಬ ಮುಖ್ಯಮಂತ್ರಿಯ ರಾಜೀನಾಮೆಗೆ ದಾರಿ ಮಾಡಿತು. ಅದೇ ತಿಂಗಳ 29ರಂದು ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನೇ ನಿಲ್ಲಿಸಿತು.

ಅನಂತರ ನಡೆದದ್ದು ಆಡಳಿತದ ದೃಷ್ಟಿಯಿಂದ ಅಪರೂಪದ ಪ್ರಯೋಗ. ನ್ಯಾಯಾಲಯ ನೇಮಿಸಿದ ಕೇಂದ್ರ ಉನ್ನತಾಧಿಕಾರ ಸಮಿತಿ ಪ್ರತಿಯೊಂದು ಗುತ್ತಿಗೆಯ ಗಡಿಯನ್ನು ನೆಲದ ಮೇಲೆ ಅಳೆಸಿ, ಗಣಿಗಳನ್ನು ಮೂರು ವರ್ಗ ಮಾಡಿತು. ಉಲ್ಲಂಘನೆ ಇಲ್ಲದವು ಅಥವಾ ಅತ್ಯಲ್ಪವಾಗಿದ್ದವು ಎ, ಗಡಿಯ ಆಚೆಗೆ ಒಂದು ಮಿತಿಯೊಳಗೆ ಅತಿಕ್ರಮಿಸಿದವು ಬಿ, ಅದನ್ನೂ ಮೀರಿದವು ಸಿ. 2013ರ ಏಪ್ರಿಲ್ 18ರ ತೀರ್ಪು ಸಿ ವರ್ಗದ ಗುತ್ತಿಗೆಗಳನ್ನು ರದ್ದು ಮಾಡಿತು, ಉಳಿದವರು ಪುನಶ್ಚೇತನ ಯೋಜನೆ ಮಾಡಿ, ದಂಡ ಕಟ್ಟಿ ಮತ್ತೆ ಶುರುಮಾಡಬಹುದೆಂದಿತು. ಅದಿರನ್ನು ಇ-ಹರಾಜಿನಲ್ಲೇ ಮಾರಬೇಕು, ಜಿಲ್ಲೆಯ ಒಟ್ಟು ಉತ್ಪಾದನೆ ವರ್ಷಕ್ಕೆ 2.5 ಕೋಟಿ ಟನ್ ದಾಟಬಾರದು ಎಂಬ ಕಟ್ಟಳೆಗಳು ಬಂದವು. ಈ ಮಿತಿಯನ್ನು ಅನಂತರ 2.8 ಕೋಟಿಗೂ 2022ರಲ್ಲಿ 3.5 ಕೋಟಿಗೂ ಏರಿಸಲಾಯಿತು. ಅದೇ ವರ್ಷ ಹರಾಜಿನ ಕಡ್ಡಾಯವೂ ರಫ್ತಿನ ನಿಷೇಧವೂ ಸಡಿಲಗೊಂಡವು. ಒಂದು ಜಿಲ್ಲೆಯ ಅದಿರಿನ ಟನ್ನಿನ ಲೆಕ್ಕವನ್ನು ದೆಹಲಿಯ ನ್ಯಾಯಪೀಠ ಇಡುವುದು ಸರಿಯೇ ಎಂದು ಕೇಳುವವರಿದ್ದಾರೆ. ಇಡಬೇಕಾದ ಇಲಾಖೆಗಳು ಇಡದೆ ಇದ್ದುದರಿಂದ ಇದು ಬಂತು ಎಂಬುದೂ ಅಷ್ಟೇ ನಿಜ.

ಅತಿಕ್ರಮಣ ಎಂಬುದು ಇಲ್ಲಿ ಯಾಕೆ ಇಷ್ಟು ಸುಲಭವಾಯಿತು ಎಂಬ ಪ್ರಶ್ನೆಗೆ ಮೊದಲಿಗೆ ಹೇಳಿದ ಭೂರಚನೆಯಲ್ಲೇ ಉತ್ತರವಿದೆ. ಅದಿರು ಬೆನ್ನೇಣಿನ ಉದ್ದಕ್ಕೂ ಪಟ್ಟಿಯಂತೆ ಓಡುತ್ತದೆ, ಗುತ್ತಿಗೆಗಳು ಆ ಪಟ್ಟಿಯನ್ನು ತುಂಡು ತುಂಡು ಮಾಡಿ ಒಂದರ ಪಕ್ಕ ಒಂದು ಕೂತಿವೆ, ಸುತ್ತಲಿನದು ಮೀಸಲು ಅರಣ್ಯ. ಅದಿರಿನ ಪಟ್ಟಿ ಗಡಿಕಲ್ಲನ್ನು ಕಂಡು ನಿಲ್ಲುವುದಿಲ್ಲ, ಯಂತ್ರವೂ ನಿಲ್ಲಲಿಲ್ಲ. ತೆಗೆದ ಮಣ್ಣನ್ನು ಗುತ್ತಿಗೆಯೊಳಗೆ ಸುರಿಯಲು ಜಾಗವಿಲ್ಲದೆ ಇಳಿಜಾರಿಗೆ, ಅಂದರೆ ಕಾಡಿಗೆ, ಸುರಿದರು. ಮಳೆ ಬಂದಾಗ ಆ ಮಣ್ಣು ಹಳ್ಳಕ್ಕೆ, ಹಳ್ಳದಿಂದ ಕೆರೆಗೆ ಇಳಿಯಿತು.

ಗಣಿ ಬಾಧಿತ ಪ್ರದೇಶದ ಪುನಶ್ಚೇತನಕ್ಕೆಂದು ದಂಡ ಮತ್ತು ಮಾರಾಟದ ಪಾಲಿನಿಂದ ಕೂಡಿದ ಹಣ ದೊಡ್ಡದು. ಅದನ್ನು ಬಳಸಲು 2014ರಲ್ಲಿ ಕರ್ನಾಟಕ ಗಣಿ ಪರಿಸರ ಪುನಶ್ಚೇತನ ನಿಗಮ ಸ್ಥಾಪನೆಯಾಯಿತು. ಬಳ್ಳಾರಿ, ವಿಜಯನಗರ, ಚಿತ್ರದುರ್ಗ, ತುಮಕೂರು ಜಿಲ್ಲೆಗಳಿಗೆ ಸುಮಾರು 25 ಸಾವಿರ ಕೋಟಿ ರೂಪಾಯಿಯ ಯೋಜನೆಗೆ 2022ರಲ್ಲಿ ಸುಪ್ರೀಂ ಕೋರ್ಟು ಒಪ್ಪಿಗೆ ಕೊಟ್ಟಿತು, ಮೇಲುಸ್ತುವಾರಿಗೆ ನಿವೃತ್ತ ನ್ಯಾಯಮೂರ್ತಿ ಬಿ. ಸುದರ್ಶನ ರೆಡ್ಡಿ ಅವರನ್ನು ನೇಮಿಸಿತು. ಇದಲ್ಲದೆ 2015ರ ಗಣಿ ಕಾಯಿದೆಯ ತಿದ್ದುಪಡಿಯಂತೆ ಗಣಿ ಗುತ್ತಿಗೆದಾರರು ರಾಜಧನದ ಒಂದು ಪಾಲಿನಷ್ಟು ಹಣವನ್ನು ಹೆಚ್ಚುವರಿಯಾಗಿ ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೆ ಕಟ್ಟುತ್ತಾರೆ. ಹೀಗಾಗಿ ಸಂಡೂರಿನ ಒಂದು ಹಳ್ಳಿಗೆ ರಸ್ತೆಯೋ ಶಾಲೆಯ ಕೊಠಡಿಯೋ ಬೇಕಾದರೆ ಗ್ರಾಮ ಪಂಚಾಯಿತಿ, ಶಾಸಕರ ನಿಧಿ, ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ, ಖನಿಜ ಪ್ರತಿಷ್ಠಾನ, ಪುನಶ್ಚೇತನ ನಿಗಮ, ಕಂಪನಿಗಳ ಸಾಮಾಜಿಕ ನಿಧಿ ಎಂದು ತಟ್ಟಲು ಬಾಗಿಲುಗಳು ಅನೇಕ. ಬಾಗಿಲು ಹೆಚ್ಚಾದಷ್ಟೂ ಯಾವ ಬಾಗಿಲಿಗೆ ಅರ್ಜಿ ಎಂಬುದೇ ಒಂದು ವಿದ್ಯೆಯಾಗುತ್ತದೆ.

ಹೊಸ ವಿವಾದ ದೇವದಾರಿ ಬೆಟ್ಟದ್ದು. ಕುದುರೆಮುಖದ ಗಣಿ ನಿಂತ ಮೇಲೆ ಅದಿರಿಗಾಗಿ ಬೇರೆ ಜಾಗ ಹುಡುಕುತ್ತಿದ್ದ ಕೇಂದ್ರ ಸರಕಾರದ ಕೆಐಒಸಿಎಲ್ ಕಂಪನಿಗೆ ಇಲ್ಲಿ ಸುಮಾರು 400 ಹೆಕ್ಟೇರ್ ಅರಣ್ಯವನ್ನು ಕೊಡುವ ಪ್ರಸ್ತಾಪ 2024ರಲ್ಲಿ ಮತ್ತೆ ಸುದ್ದಿಯಾಯಿತು. ಕಡಿಯಬೇಕಾಗುವ ಮರಗಳ ಲೆಕ್ಕ ಒಂದು ಲಕ್ಷದ ಹತ್ತಿರ. ಕುದುರೆಮುಖದಲ್ಲಿ ಕಾಡು ಉಳಿಸಲೆಂದು ಸುಪ್ರೀಂ ಕೋರ್ಟಿನ ಆದೇಶದಿಂದ ಗಣಿ ಮುಚ್ಚಿದ ಮೇಲೆ ಅದೇ ಕಂಪನಿಗೆ ಇನ್ನೊಂದು ಕಾಡನ್ನು ಕೊಡಬೇಕೇ ಎಂದು ಪರಿಸರ ಕಾರ್ಯಕರ್ತರು ಕೇಳಿದರು, ಅರಣ್ಯ ಇಲಾಖೆಯೂ ತಕರಾರು ತೆಗೆಯಿತು. ಕೇಂದ್ರದಲ್ಲಿ ಉಕ್ಕು ಖಾತೆ ರಾಜ್ಯದ ಒಂದು ಪಕ್ಷದ ಕೈಯಲ್ಲೂ ರಾಜ್ಯದಲ್ಲಿ ಅರಣ್ಯ ಖಾತೆ ಇನ್ನೊಂದು ಪಕ್ಷದ ಕೈಯಲ್ಲೂ ಇದ್ದುದರಿಂದ ವಾದಕ್ಕೆ ರಾಜಕೀಯದ ಬಣ್ಣ ಬೇಗನೆ ಬಂತು. ತಾರಾನಗರದ ಬಳಿ ನಾರಿಹಳ್ಳಕ್ಕೆ ಕಟ್ಟಿದ ಜಲಾಶಯಕ್ಕೆ ನೀರು ಬರುವುದು ಈ ಬೆಟ್ಟಗಳಿಂದಲೇ. ಮೇಲಿನ ಕಾಡು ಹೋದರೆ ಕೆಳಗೆ ನೀರೂ ಕಡಿಮೆಯಾಗುತ್ತದೆ, ಬರುವ ನೀರಿನೊಂದಿಗೆ ಹೂಳೂ ಬರುತ್ತದೆ ಎಂಬುದು ಕಣಿವೆಯ ರೈತರ ಆತಂಕ.